ಮನೆಯ ಕಂಪ್ಯೂಟರ್‌ನಲ್ಲಿ 3 ಕಿ.ಮೀ. ಹವಾಮಾನ ಮಾದರಿ: ಕೊಡಗಿನ 2018ರ ಮಳೆಯನ್ನು ಮತ್ತೆ ಓಡಿಸಿ ಕಲಿಯಿರಿ

ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಮುಂಗಾರಿನ ದಿನ ಮಡಿಕೇರಿಯಲ್ಲಿ ಕೊಡೆ ಮಡಚೋಕೆ ಬಿಡುವಿರಲ್ಲ, ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಇಡೀ ಭೂಮಿಯನ್ನು 25 ಕಿ.ಮೀ. ಚೌಕಗಳಾಗಿ ಕತ್ತರಿಸಿ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಈ ಎರಡು ಊರುಗಳು ಅಕ್ಕಪಕ್ಕದ ಎರಡು ಚೌಕಗಳು, ಅಷ್ಟೇ. ಆ ಚೌಕಗಳಲ್ಲಿ ಘಟ್ಟವೂ ಚಪ್ಪಟೆ. 1,700 ಮೀಟರ್ ದಾಟುವ ತಡಿಯಂಡಮೋಳ್ ಅಲ್ಲಿ ಒಂದು ಮಾಮೂಲಿ ಗುಡ್ಡವಾಗಿ ಕರಗಿಹೋಗಿರುತ್ತದೆ. ಗಾಳಿಗೆ ಏರೋಕೆ ಬೆಟ್ಟವೇ ಇಲ್ಲದ ಮೇಲೆ ಮಳೆ ಎಲ್ಲಿಂದ ಬರಬೇಕು?

ಹಾಗಾಗಿ ಚೌಕ ಚಿಕ್ಕದಾಗಬೇಕು. ಭಾರತದ ಹವಾಮಾನ ಇಲಾಖೆಯ ಜಾಗತಿಕ ಮಾದರಿ ಹಿಂದೆ ಸುಮಾರು 12 ಕಿ.ಮೀ. ಇತ್ತು. 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟಿಂಗ್ ಸಿಸ್ಟಮ್ ಬಂದಾಗ ಅದು 6 ಕಿ.ಮೀ.ಗೆ ಇಳಿಯಿತು. ಅದಕ್ಕೆ ಪುಣೆಯಲ್ಲಿರುವ ಅರ್ಕಾದಂಥ ಸೂಪರ್‌ಕಂಪ್ಯೂಟರ್ ಬೇಕು. ಆದರೆ ಇಡೀ ಭೂಮಿಯ ಬದಲು ಒಂದು ತುಂಡನ್ನು ಮಾತ್ರ 3 ಕಿ.ಮೀ.ಯಲ್ಲಿ ಓಡಿಸುತ್ತೇನೆ ಅಂದರೆ, 16 ಕೋರ್‌ನ ಒಳ್ಳೆಯ ಡೆಸ್ಕ್‌ಟಾಪ್ ಸಾಕು. ಬೇಕಾದ ತಂತ್ರಾಂಶ ಉಚಿತ, ಡೇಟಾ ಕೂಡ ಉಚಿತ.

ಈ ಬರಹದಲ್ಲಿ ಒಂದೇ ಒಂದು ಘಟನೆಯನ್ನು ಹಿಡಿದು ಕೊನೆಯವರೆಗೂ ಹೋಗೋಣ. 2018ರ ಆಗಸ್ಟ್ ನಡುವೆ, ಆಶ್ಲೇಷಾ ಮಳೆ ಮುಗಿದು ಮಘೆ ಹಿಡಿಯುವ ಹೊತ್ತಿಗೆ, ಕೊಡಗಿನಲ್ಲಿ ಸುರಿದ ಮಳೆ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದು ಆಗಲೇ. ನಾಳೆಯ ಮಳೆ ಬಿಟ್ಟು ಹಳೆಯದನ್ನೇಕೆ ಓಡಿಸಬೇಕು ಅಂದರೆ, ಹಳೆಯದಕ್ಕೆ ಉತ್ತರ ಗೊತ್ತಿದೆ. ಮಾದರಿ ಎಲ್ಲಿ ಎಡವಿತು ಅಂತ ಹಿಡಿಯಬಹುದು.

ಲಿನಕ್ಸ್ ಟರ್ಮಿನಲ್ ಬಳಸಿ ಅಭ್ಯಾಸ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಹಂತ 1: ಸಾಮಾನು ಸರಂಜಾಮು

ನಾವು ಬಳಸುವ ಮಾದರಿ ಡಬ್ಲ್ಯುಆರ್‌ಎಫ್, ಬಾಯಿಮಾತಿನಲ್ಲಿ ವರ್ಫ್. ಅಮೆರಿಕದ ವಾತಾವರಣ ಸಂಶೋಧನಾ ಕೇಂದ್ರ ಎನ್‌ಕಾರ್ ಮತ್ತು ಇತರ ಸಂಸ್ಥೆಗಳು ಕಟ್ಟಿದ್ದು. ಜತೆಗೆ ಅದರ ಪೂರ್ವತಯಾರಿಯ ಕಟ್ಟು ಡಬ್ಲ್ಯುಪಿಎಸ್ ಬೇಕು.

ಮೆಮೊರಿ 32 ಜಿಬಿ ಇದ್ದರೆ ನೆಮ್ಮದಿ, 16ರಲ್ಲೂ ನಡೆಯುತ್ತದೆ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಬೇಕು. ಬೆಟ್ಟದ ಎತ್ತರ, ಮಣ್ಣು, ಕಾಡು, ಊರುಗಳ ಭೂಗೋಳ ಡೇಟಾ ಒಂದೇ ಬಿಚ್ಚಿದ ಮೇಲೆ 30 ಜಿಬಿ ಹತ್ತಿರ ಆಗುತ್ತದೆ. ಫಲಿತಾಂಶಕ್ಕೆ ಇನ್ನೊಂದು 100 ಜಿಬಿ ಖಾಲಿ ಇಟ್ಟುಕೊಳ್ಳಿ.

ಜಿ-ಫೋರ್‌ಟ್ರಾನ್ ಕಂಪೈಲರ್, ಕೆಲಸವನ್ನು ಕೋರ್‌ಗಳಿಗೆ ಹಂಚುವ ಎಂಪಿಐ, ಫಲಿತಾಂಶದ ಕಡತ ಬರೆಯುವ ನೆಟ್‌ಸಿಡಿಎಫ್‌ನ ಸಿ ಮತ್ತು ಫೋರ್‌ಟ್ರಾನ್ ಎರಡೂ ಲೈಬ್ರರಿಗಳು, ಜಾಗತಿಕ ಡೇಟಾ ಬರುವ ಗ್ರಿಬ್-2 ಕಡತ ಓದಲು ಜಾಸ್ಪರ್, ಲಿಬ್‌ಪಿಎನ್‌ಜಿ, ಝಡ್‌ಲಿಬ್: ಇಷ್ಟೂ ಬೇಕು. ಇಲ್ಲಿ ಒಂದು ಮಾತು. ಎಲ್ಲ ಲೈಬ್ರರಿಗಳನ್ನೂ ಅದೇ ಕಂಪೈಲರ್‌ನ ಅದೇ ಆವೃತ್ತಿಯಲ್ಲಿ ಕಟ್ಟಿರಬೇಕು. ಹೊಸಬರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಬರುತ್ತವೆ.

ಮೊದಲು ವರ್ಫ್, ಆಮೇಲೆ ಡಬ್ಲ್ಯುಪಿಎಸ್ ಕಂಪೈಲ್ ಮಾಡಿ. ಎರಡನೆಯದು ಮೊದಲನೆಯದನ್ನು ನೆಚ್ಚಿಕೊಂಡಿದೆ. ಕಾನ್ಫಿಗರ್ ಮಾಡುವಾಗ ಜಿಎನ್‌ಯು ಕಂಪೈಲರ್‌ನ ಡಿಎಂಪಾರ್ ಆಯ್ಕೆ (ಎಲ್ಲ ಕೋರ್‌ಗಳಿಗೂ ಕೆಲಸ ಹಂಚಲು), ನೆಸ್ಟಿಂಗ್‌ಗೆ (ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡಲು) ಬೇಸಿಕ್. ಮುಗಿದ ಮೇಲೆ ಲಾಗ್ ಕಡತದ ಕೊನೆ ನೋಡಿ. ರಿಯಲ್ (ಆರಂಭದ ಕಡತ ಕಟ್ಟುವುದು) ಮತ್ತು ವರ್ಫ್ (ಮಾದರಿ ಓಡಿಸುವುದು) ಪ್ರೋಗ್ರಾಂಗಳು ನಿಜಕ್ಕೂ ಹುಟ್ಟಿವೆಯಾ ಎಂದು ಖಚಿತ ಮಾಡಿಕೊಳ್ಳಿ. ಅವು ಇಲ್ಲದಿದ್ದರೆ ಲಾಗ್‌ನಲ್ಲಿ ಮೊದಲ ದೋಷ ಎಲ್ಲಿದೆ ಹುಡುಕಿ. ಕೊನೆಯ ದೋಷವನ್ನು ನಂಬಬೇಡಿ, ಅದು ಮೊದಲನೆಯದರ ಮರಿ.

ಹಂತ 2: ಚೌಕಟ್ಟು ಎಲ್ಲಿ ಹಾಕಬೇಕು

ಇಡೀ ಕೆಲಸದಲ್ಲಿ ನಿಮ್ಮ ಬುದ್ಧಿ ಜಾಸ್ತಿ ಖರ್ಚಾಗಬೇಕಾದ ಹಂತ ಇದು. ಉಳಿದದ್ದು ಬಹುಪಾಲು ಯಂತ್ರದ ಕೆಲಸ.

ಜಾಗತಿಕ ಡೇಟಾ ಸುಮಾರು 25–30 ಕಿ.ಮೀ.ಯದ್ದು. ಅದರಿಂದ ನೇರ 3 ಕಿ.ಮೀ.ಗೆ ಹಾರಬಾರದು. ನಡುವೆ ಒಂದು ಮೆಟ್ಟಿಲು ಬೇಕು. ಹೊರಗಿನ ಪೆಟ್ಟಿಗೆಯ ಚೌಕ 9 ಕಿ.ಮೀ., ಒಳಗಿನದರ ಚೌಕ 3 ಕಿ.ಮೀ. ಅನುಪಾತ ಮೂರಕ್ಕೆ ಒಂದು. ಲೆಕ್ಕ ಹೀಗಿದೆ:

- ನಡುಬಿಂದು: ಮಡಿಕೇರಿ ಹತ್ತಿರ, ಉತ್ತರ ಅಕ್ಷಾಂಶ 12.42, ಪೂರ್ವ ರೇಖಾಂಶ 75.74
- ಹೊರಪೆಟ್ಟಿಗೆ: 201 × 201 ಬಿಂದು, ಅಂದರೆ ಸುಮಾರು 1,800 ಕಿ.ಮೀ. ಉದ್ದಗಲ
- ಒಳಪೆಟ್ಟಿಗೆ: 241 × 241 ಬಿಂದು, ಅಂದರೆ ಸುಮಾರು 720 ಕಿ.ಮೀ. ಉದ್ದಗಲ
- ಒಳಪೆಟ್ಟಿಗೆ ಶುರುವಾಗುವ ಜಾಗ: ಹೊರಪೆಟ್ಟಿಗೆಯ 61ನೇ ಬಿಂದು, ಎರಡೂ ದಿಕ್ಕಿನಲ್ಲಿ
- ನಕ್ಷೆಯ ವಿಧಾನ: ಮರ್ಕೇಟರ್. ಭೂಮಧ್ಯರೇಖೆಗೆ ಹತ್ತಿರದ ನಮ್ಮಂಥ ಜಾಗಕ್ಕೆ ಅದೇ ಸರಿ

241 ಏಕೆ, 240 ಏಕಿಲ್ಲ ಅಂತೀರಾ? ಒಳಪೆಟ್ಟಿಗೆಯ ಬಿಂದುಗಳ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿದದ್ದು ಮೂರರಿಂದ ಭಾಗವಾಗಬೇಕು. ಆಗದಿದ್ದರೆ ಮಾದರಿ ಮುಂದಕ್ಕೆ ಹೋಗುವುದೇ ಇಲ್ಲ.

ಈಗ ಒಂದು ನಕ್ಷೆ ತೆಗೆದು ಗಡಿಗಳನ್ನು ನೋಡಿ. ಒಳಪೆಟ್ಟಿಗೆಯ ಪಶ್ಚಿಮದ ಅಂಚು ಅರಬ್ಬಿ ಸಮುದ್ರದ ಮೇಲಿದೆ. ಇದು ಒಳ್ಳೆಯದು, ಯಾಕಂದರೆ ಮುಂಗಾರಿನ ಗಾಳಿ ಆ ಕಡೆಯಿಂದಲೇ ಬರುತ್ತದೆ. ಕಡಲ ಮೇಲೆ ಒಂದಷ್ಟು ದೂರ ಓಡಿ, ಹೊಸ ಗ್ರಿಡ್‌ಗೆ, ಅಂದರೆ ಚೌಕಗಳ ಜಾಲಕ್ಕೆ, ಹೊಂದಿಕೊಂಡು, ಆಮೇಲೆ ಘಟ್ಟಕ್ಕೆ ಬಡಿಯಬೇಕು. ದಕ್ಷಿಣ ಮತ್ತು ಉತ್ತರದಲ್ಲಿ ಮಾತ್ರ ಗಡಿ ಘಟ್ಟವನ್ನು ಕತ್ತರಿಸುತ್ತದೆ. ಘಟ್ಟ ಉದ್ದಕ್ಕೂ ಹಬ್ಬಿರುವಾಗ ಇದನ್ನು ಪೂರ್ತಿ ತಪ್ಪಿಸೋಕೆ ಆಗಲ್ಲ. ಆ ಅಂಚಿನ ಹತ್ತಿರದ ಮಳೆಯನ್ನು ನಂಬಬೇಡಿ, ಅಷ್ಟೇ.

ಇನ್ನೊಂದು ಸಂಗತಿ ಇದೆ. ಆ ದಿನಗಳಲ್ಲಿ ಒಡಿಶಾ ಕರಾವಳಿ ಹತ್ತಿರ ವಾಯುಭಾರ ಕುಸಿತ ಇತ್ತು. ಪಶ್ಚಿಮದ ಗಾಳಿಗೆ ಬಲ ಕೊಟ್ಟದ್ದರಲ್ಲಿ ಅದರ ಪಾಲೂ ಇದೆ. ನಮ್ಮ ಹೊರಪೆಟ್ಟಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಅದರ ಪ್ರಭಾವ ಗಡಿಯ ಗಾಳಿಯ ಮೂಲಕ ಒಳಗೆ ಬರಬೇಕು. ಕಲಿಯೋಕೆ ಇದು ಸಾಕು. ಕುಸಿತವನ್ನೂ ಮಾದರಿಯೇ ಬೆಳೆಸಲಿ ಅನ್ನುವವರು ಹೊರಪೆಟ್ಟಿಗೆಯನ್ನು ಈಶಾನ್ಯಕ್ಕೆ ಹಿಗ್ಗಿಸಿ, ಕಾಯುವ ಹೊತ್ತೂ ಹಿಗ್ಗುತ್ತದೆ.

3 ಬಿಟ್ಟು 1 ಕಿ.ಮೀ.ಗೇ ಇಳಿಯೋಣ ಅಂತ ಆಸೆ ಆಗುತ್ತದೆ. ಬೇಡ, ಈಗಲೇ ಬೇಡ. ಚೌಕ ಮೂರು ಪಟ್ಟು ಚಿಕ್ಕದಾದರೆ ಅಷ್ಟೇ ಜಾಗಕ್ಕೆ ಒಂಬತ್ತು ಪಟ್ಟು ಬಿಂದು, ಮೇಲೆ ಕಾಲದ ಹೆಜ್ಜೆಯೂ (ಲೆಕ್ಕ ಒಂದು ಸಲಕ್ಕೆ ಎಷ್ಟು ಸೆಕೆಂಡು ಮುಂದಕ್ಕೆ ಹೋಗುತ್ತದೋ ಅದು) ಮೂರು ಪಟ್ಟು ಚಿಕ್ಕದು. ಒಟ್ಟು 27 ಪಟ್ಟು ಕೆಲಸ. ಜತೆಗೆ ಮಾದರಿ ತನ್ನ ಒಂದು ಚೌಕದಷ್ಟು ಚಿಕ್ಕ ಸಂಗತಿಯನ್ನು ಎಂದೂ ಸರಿಯಾಗಿ ತೋರಿಸುವುದಿಲ್ಲ. ಒಂದು ಅಲೆಯೋ ಸುಳಿಯೋ ನಿಜವಾಗಿ ಮೂಡೋಕೆ ಆರೇಳು ಚೌಕ ಬೇಕು. 3 ಕಿ.ಮೀ. ಗ್ರಿಡ್ ಅಂದರೆ ಸುಮಾರು 20 ಕಿ.ಮೀ. ಗಾತ್ರದ ಸಂಗತಿಗಳು. ನಕ್ಷೆಯಲ್ಲಿ ಒಂದೇ ಚುಕ್ಕೆ ಕಡುಕೆಂಪಾಗಿ ಕಂಡರೆ ಅದನ್ನು ನಿಮ್ಮ ಊರಿನ ಹೆಸರಿಗೆ ಬರೆಯಬೇಡಿ.

ಈ ಅಂಕಿಗಳನ್ನೆಲ್ಲ ಡಬ್ಲ್ಯುಪಿಎಸ್‌ನ ನೇಮ್‌ಲಿಸ್ಟ್ ಕಡತದಲ್ಲಿ (ಆಯ್ಕೆಗಳ ಪಟ್ಟಿಯಲ್ಲಿ) ತುಂಬಿದ ಮೇಲೆ ಅದರ ಜಿಯೋಗ್ರಿಡ್ ಪ್ರೋಗ್ರಾಂ ಓಡಿಸಿ, ಹುಟ್ಟಿದ ಕಡತದಲ್ಲಿ ಬೆಟ್ಟದ ಎತ್ತರ ತೆರೆದು ನೋಡಿ. ಅದಕ್ಕೆ ಎನ್‌ಸಿವ್ಯೂ ತಂತ್ರಾಂಶ ಸಾಕು. ಘಟ್ಟದ ಗೋಡೆ ಕಾಣಬೇಕು. ಬೆಂಗಳೂರು ನಗರವಾಗಿ ಬಂದಿದೆಯಾ ಅಂತಲೂ ಭೂಬಳಕೆ ನಕ್ಷೆಯಲ್ಲಿ ಇಣುಕಿ ನೋಡಿ. ಆ ಡೇಟಾ ಹಳೆಯದು, ಊರು ಅದಕ್ಕಿಂತ ದೊಡ್ಡದಾಗಿದೆ. ಕೊಡಗಿನ ಮಳೆಗೆ ಇದರಿಂದ ತೊಂದರೆ ಇಲ್ಲ, ಬೆಂಗಳೂರಿನ ಸಂಜೆ ಗುಡುಗು ಮಳೆ ಓಡಿಸುವವರು ಮಾತ್ರ ಯೋಚಿಸಬೇಕು.

ಹಂತ 3: ಆರಂಭದ ಸ್ಥಿತಿ ಮತ್ತು ಗಡಿಯ ಡೇಟಾ

ನಮ್ಮ ಪೆಟ್ಟಿಗೆ ಇಡೀ ಭೂಮಿಯಲ್ಲ, ಹಾಗಾಗಿ ಶುರುವಿನ ಹೊತ್ತಿನ ವಾತಾವರಣವನ್ನೂ ಆಮೇಲೆ ಅಂಚಿನಿಂದ ಒಳಬರುವ ಗಾಳಿಯನ್ನೂ ಹೊರಗಿನ ಡೇಟಾದಿಂದ ಕೊಡಬೇಕು. 2018ರ ಘಟನೆಗೆ ಸುಲಭವಾಗಿ ಸಿಗುವುದು ಯುರೋಪಿನ ಇಆರ್‌ಎ-5 ಮರುವಿಶ್ಲೇಷಣೆ. ಕೋಪರ್ನಿಕಸ್ ಹವಾಗುಣ ಡೇಟಾ ತಾಣದಲ್ಲಿ ಉಚಿತ ಖಾತೆ ತೆರೆದು ಇಳಿಸಿಕೊಳ್ಳಬಹುದು. ಪ್ರತಿ ಗಂಟೆಗೂ ಇದೆ, 37 ಒತ್ತಡದ ಮಟ್ಟಗಳಲ್ಲಿ, ಅಂದರೆ 37 ಎತ್ತರಗಳಲ್ಲಿ ಇದೆ.

ಕೇಳುವಾಗ ಗ್ರಿಬ್ ರೂಪವನ್ನೇ ಆರಿಸಿ. ನೆಟ್‌ಸಿಡಿಎಫ್ ತೆಗೆದುಕೊಂಡರೆ ಡಬ್ಲ್ಯುಪಿಎಸ್‌ನ ಅನ್‌ಗ್ರಿಬ್ ಪ್ರೋಗ್ರಾಂ ಅದನ್ನು ಓದುವುದಿಲ್ಲ. ಎರಡು ಕಟ್ಟು ಬೇಕು. ಒಂದರಲ್ಲಿ ಒತ್ತಡದ ಮಟ್ಟಗಳ ಉಷ್ಣತೆ, ತೇವಾಂಶ, ಗಾಳಿಯ ಎರಡು ದಿಕ್ಕು, ಜಿಯೋಪೊಟೆನ್ಶಿಯಲ್. ಇನ್ನೊಂದರಲ್ಲಿ ನೆಲಮಟ್ಟದ್ದು: ನೆಲದ ಒತ್ತಡ, ಸಮುದ್ರಮಟ್ಟದ ಒತ್ತಡ, 2 ಮೀಟರ್ ಉಷ್ಣತೆ ಮತ್ತು ಇಬ್ಬನಿ ಬಿಂದು, 10 ಮೀಟರ್ ಗಾಳಿ, ಮೇಲ್ಮೈ ಉಷ್ಣತೆ, ಸಮುದ್ರದ ಉಷ್ಣತೆ, ನೆಲ-ನೀರು ಗುರುತು, ಮಣ್ಣಿನ ನಾಲ್ಕು ಪದರಗಳ ಉಷ್ಣತೆ ಮತ್ತು ತೇವ. ಮಣ್ಣಿನದ್ದನ್ನು ಮರೆಯುವವರು ಜಾಸ್ತಿ. ಹಾಗಾದರೆ ರಿಯಲ್ ಹಂತದಲ್ಲಿ ಕೆಲಸ ನಿಂತುಬಿಡುತ್ತದೆ. ಡೇಟಾದ ಹರವು ಹೊರಪೆಟ್ಟಿಗೆಗಿಂತ ಎಲ್ಲ ಕಡೆಯೂ ಒಂದೆರಡು ಡಿಗ್ರಿ ದೊಡ್ಡದಿರಲಿ.

ಇಲ್ಲೊಂದು ಮೋಸ ಇದೆ, ಯಾರೂ ಮೊದಲೇ ಹೇಳಲ್ಲ. ಮರುವಿಶ್ಲೇಷಣೆ ಅಂದರೆ ಆಗಸ್ಟ್ 16ರಂದು ಬಲೂನು, ಉಪಗ್ರಹ, ಹಡಗು ಅಳೆದದ್ದೆಲ್ಲ ಸೇರಿಸಿ ಆಮೇಲೆ ಕಟ್ಟಿದ ಚಿತ್ರ. ಅದನ್ನು ಗಡಿಗೆ ಕೊಟ್ಟರೆ, 14ರಂದು ಶುರುವಾದ ನಿಮ್ಮ ಮಾದರಿಗೆ 16ರ ಗಾಳಿ ಹೇಗಿತ್ತು ಅಂತ ಹೊರಗಿನಿಂದ ಯಾರೋ ಪಿಸುಗುಡುತ್ತಿರುತ್ತಾರೆ. ಫಲಿತಾಂಶ ಚೆಂದ ಬರುತ್ತದೆ. ಅದನ್ನು ಮುನ್ಸೂಚನೆ ಅಂತ ಕರೆಯುವಂತಿಲ್ಲ. ಮುನ್ಸೂಚನೆಯ ಶಕ್ತಿಯನ್ನೇ ಅಳೆಯಬೇಕಿದ್ದರೆ, 2018ರ ಆಗಸ್ಟ್ 14ರಂದು ಹೊರಬಂದ ಅಮೆರಿಕದ ಜಾಗತಿಕ ಮಾದರಿ ಜಿಎಫ್‌ಎಸ್‌ನ ಮುನ್ಸೂಚನೆಯನ್ನೇ ಎನ್‌ಕಾರ್‌ನ ಹಳೆಯ ಸಂಗ್ರಹದಿಂದ ತೆಗೆದು ಗಡಿಗೆ ಕೊಡಿ. ಎರಡನ್ನೂ ಓಡಿಸಿ ಪಕ್ಕದಲ್ಲಿಟ್ಟರೆ, ತಪ್ಪಿನಲ್ಲಿ ಜಾಗತಿಕ ಮಾದರಿಯ ಪಾಲೆಷ್ಟು, ನಿಮ್ಮ ಮಾದರಿಯ ಪಾಲೆಷ್ಟು ಅನ್ನುವುದು ಬಿಡಿಬಿಡಿಯಾಗಿ ಕಾಣುತ್ತದೆ. ನನ್ನ ಪ್ರಕಾರ ಈ ಅಭ್ಯಾಸದ ನಿಜವಾದ ಪಾಠ ಇಲ್ಲೇ ಇದೆ.

ಅನ್‌ಗ್ರಿಬ್‌ಗೆ ಸರಿಯಾದ ವಿಟೇಬಲ್ (ಗ್ರಿಬ್ ಕಡತದಲ್ಲಿ ಯಾವ ಅಂಕಿ ಯಾವುದು ಎಂದು ಹೇಳುವ ಪಟ್ಟಿ) ಜೋಡಿಸಿ. ಇಆರ್‌ಎ-5ರ ಹಿಂದಿನ ತಲೆಮಾರಾದ ಇಆರ್‌ಎ-ಇಂಟೆರಿಮ್‌ನ ಒತ್ತಡ ಮಟ್ಟಗಳಿಗೆ ಇರುವುದೇ ಇಆರ್‌ಎ-5ಕ್ಕೂ ನಡೆಯುತ್ತದೆ, ಜಿಎಫ್‌ಎಸ್‌ಗೆ ಅದರದ್ದೇ ಇದೆ. ಆಮೇಲೆ ಈ ಡೇಟಾವನ್ನು ನಮ್ಮ ಪೆಟ್ಟಿಗೆಗಳ ಮೇಲೆ ಕೂರಿಸುವ ಮೆಟ್‌ಗ್ರಿಡ್. ಹುಟ್ಟಿದ ಕಡತದಲ್ಲಿ ಎಷ್ಟು ಮಟ್ಟಗಳಿವೆ ಎಂದು ಎನ್‌ಸಿಡಂಪ್‌ನಿಂದ ನೋಡಿ ಬರೆದುಕೊಳ್ಳಿ. ಮುಂದೆ ವರ್ಫ್‌ನ ನೇಮ್‌ಲಿಸ್ಟ್ ಕಡತದಲ್ಲಿ ಅದೇ ಸಂಖ್ಯೆ ಕೊಡಬೇಕು. ಇಆರ್‌ಎ-5ಕ್ಕೆ 37ರ ಜತೆ ನೆಲಮಟ್ಟ ಸೇರಿ 38.

ಹಂತ 4: ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಕ್ತಾಯ

ಮಾದರಿಯ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ಮಳೆ ಅಳೆಯುವ ದಿನ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ, ಅಂದರೆ ಯುಟಿಸಿ 3ರಿಂದ 3. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸಿ ಇಲಾಖೆಯ ಅಂಕಿಗೆ ಹೋಲಿಸಿದರೆ ಒಳ್ಳೆಯ ಮಾದರಿಯೂ ತಪ್ಪಾಗಿ ಕಾಣುತ್ತದೆ.

ಹಾಗಾಗಿ ಆಗಸ್ಟ್ 14ರ ಯುಟಿಸಿ 12ಕ್ಕೆ ಶುರು ಮಾಡಿ, 17ರ ಯುಟಿಸಿ 6ಕ್ಕೆ ನಿಲ್ಲಿಸಿ. ಒಟ್ಟು 66 ಗಂಟೆ. ಮೊದಲ 15 ಗಂಟೆ ಲೆಕ್ಕಕ್ಕಿಲ್ಲ. ಉಳಿದದ್ದರಲ್ಲಿ 15 ಮತ್ತು 16ರ ಬೆಳಗ್ಗೆ 8:30ಕ್ಕೆ ಶುರುವಾಗುವ ಎರಡು ಪೂರ್ತಿ ಮಳೆ ದಿನಗಳು ಸಿಗುತ್ತವೆ.

ಮೊದಲ ಗಂಟೆಗಳನ್ನು ಬಿಡುವುದಕ್ಕೆ ಕಾರಣ ಇದೆ. ಒರಟು ಡೇಟಾದಿಂದ ಎದ್ದ ಮಾದರಿಯಲ್ಲಿ ಮೊದಲಿಗೆ ಸಣ್ಣ ಮೋಡಗಳಿರುವುದಿಲ್ಲ, ಗಾಳಿಗೂ ಒತ್ತಡಕ್ಕೂ ಹೊಂದಾಣಿಕೆ ಇರುವುದಿಲ್ಲ. ಈ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಹಳೆಯ ಉದಾಹರಣೆ ಲೂಯಿಸ್ ಫ್ರೈ ರಿಚರ್ಡ್‌ಸನ್. 1910ರ ಮೇ 20ರ ಹವಾಮಾನವನ್ನು ಅವರು ಕೈಯಲ್ಲೇ ಲೆಕ್ಕ ಹಾಕಿ 1922ರಲ್ಲಿ ಪ್ರಕಟಿಸಿದರು. ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೊಪಾಸ್ಕಲ್ ಏರುತ್ತದೆ ಅಂತ ಬಂತು. ನಿಜದಲ್ಲಿ ಅಂದು ಒತ್ತಡ ಹೆಚ್ಚೂಕಡಿಮೆ ಅಲುಗಲೇ ಇಲ್ಲ. ಸಮೀಕರಣ ಸರಿಯಿತ್ತು, ಆರಂಭದ ಗಾಳಿಯ ಅಂಕಿಗಳು ಒತ್ತಡಕ್ಕೆ ಹೊಂದಿರಲಿಲ್ಲ.

ಹಂತ 5: ಭೌತಿಕ ಆಯ್ಕೆಗಳು

ವರ್ಫ್‌ನ ನೇಮ್‌ಲಿಸ್ಟ್ ಕಡತದಲ್ಲಿ ಹತ್ತಾರು ಗುಬುಟುಗಳಿವೆ, ಅಂದರೆ ನಾವು ತಿರುಗಿಸಬಹುದಾದ ಆಯ್ಕೆಗಳು. ಹೆಚ್ಚಿನವನ್ನು ಮುಟ್ಟಬೇಡಿ. ಮುಟ್ಟಲೇಬೇಕಾದವು ಇವು.

ಮೊದಲನೆಯದು ಕ್ಯುಮುಲಸ್ ಯೋಜನೆ. ಚೌಕ ದೊಡ್ಡದಿದ್ದಾಗ ಗುಡುಗು ಮೋಡ ಒಂದು ಚೌಕದೊಳಗೇ ಅಡಗಿಹೋಗುತ್ತದೆ. ಅದರ ಕೆಲಸವನ್ನು ಅಂದಾಜಿನಲ್ಲಿ ಮಾಡಿಸೋಕೆ ಈ ಯೋಜನೆ. 3 ಕಿ.ಮೀ.ಯಲ್ಲಿ ಮೋಡ ತಾನೇ ಒರಟಾಗಿ ಮೂಡುತ್ತದೆ. ಅಲ್ಲೂ ಅಂದಾಜು ಹಚ್ಚಿದರೆ ಒಂದೇ ಮೋಡಕ್ಕೆ ಎರಡು ಸಲ ಲೆಕ್ಕ ಹಾಕಿದಂತೆ. ಆದ್ದರಿಂದ ಹೊರಪೆಟ್ಟಿಗೆಗೆ ಹೊಸ ಟೀಡ್ಕೆ ಅಥವಾ ಕೇನ್-ಫ್ರಿಚ್ ಹಾಕಿ, ಒಳಪೆಟ್ಟಿಗೆಗೆ ಸೊನ್ನೆ ಹಾಕಿ. 4ರಿಂದ 10 ಕಿ.ಮೀ. ನಡುವಿನದು ಬೂದು ವಲಯ. ಹಾಕಿದರೂ ತಕರಾರು, ಬಿಟ್ಟರೂ ತಕರಾರು. ನಮ್ಮ 9 ಕಿ.ಮೀ. ಅದರ ಮೇಲಂಚಿನಲ್ಲಿದೆ, ನಡೆಯುತ್ತದೆ.

ಮೋಡದ ಹನಿ, ಮಂಜುಗಡ್ಡೆಯ ಕಣ, ಮಳೆ ಲೆಕ್ಕಕ್ಕೆ ಥಾಂಪ್ಸನ್ ಯೋಜನೆ, ಸಂಖ್ಯೆ 8. ಘಟ್ಟದ ಮಳೆಯಲ್ಲಿ ಫಲಿತಾಂಶವನ್ನು ಅಲುಗಾಡಿಸುವ ಆಯ್ಕೆಗಳಲ್ಲಿ ಇದು ಮುಖ್ಯ. ಹನಿ ಎಷ್ಟು ಬೇಗ ಬೀಳುತ್ತದೆ ಅನ್ನುವುದರ ಮೇಲೆ ಮಳೆ ಪಶ್ಚಿಮದ ಇಳಿಜಾರಿನಲ್ಲೇ ಸುರಿಯುತ್ತದೋ, ಗಾಳಿಯ ಜತೆ ತೇಲಿ ಶಿಖರದಾಚೆ ಬೀಳುತ್ತದೋ ಅನ್ನುವುದು ನಿಂತಿದೆ. ಒಮ್ಮೆ ಇದನ್ನು ಓಡಿಸಿ, ಇನ್ನೊಮ್ಮೆ ಇದೇ ಕೆಲಸದ ಬೇರೆ ಯೋಜನೆ ಡಬ್ಲ್ಯುಎಸ್‌ಎಂ-6 ಹಾಕಿ ನೋಡಿ. ಬೇರೇನನ್ನೂ ಬದಲಿಸದೆ.

ವಿಕಿರಣಕ್ಕೆ ಆರ್‌ಆರ್‌ಟಿಎಂಜಿ, 9 ನಿಮಿಷಕ್ಕೊಮ್ಮೆ, ಎರಡೂ ಪೆಟ್ಟಿಗೆಗೆ ಅಷ್ಟೇ. ನೆಲದ ಹತ್ತಿರದ ಗಾಳಿಗೆ ವೈಎಸ್‌ಯು, ಮಣ್ಣಿಗೆ ನೋವಾ. ಲಂಬ ಮಟ್ಟಗಳು 45, ಮಾದರಿಯ ಚಾವಣಿ 50 ಹೆಕ್ಟೊಪಾಸ್ಕಲ್. ಮುಂಗಾರಿನ ಜೋರು ಗಾಳಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಬೀಸುತ್ತದೆ. ಅಲ್ಲಿ ಮಟ್ಟಗಳು ವಿರಳವಾಗಿದ್ದರೆ ಅಡ್ಡ ಚೌಕವನ್ನು ಎಷ್ಟು ಕಿರಿದು ಮಾಡಿದರೂ ಉಪಯೋಗ ಕಡಿಮೆ.

ಕಾಲದ ಹೆಜ್ಜೆಗೆ ಹಳೆಯ ಸೂತ್ರ: ಚೌಕದ ಕಿ.ಮೀ.ಗೆ ಆರು ಸೆಕೆಂಡು. 9 ಕಿ.ಮೀ.ಗೆ 54. ಆದರೆ 45 ಹಾಕಿ. ಘಟ್ಟದ ಕಡಿದಾದ ಇಳಿಜಾರಿಗೆ ಸ್ವಲ್ಪ ಕಡಿಮೆ ಇರುವುದೇ ಕ್ಷೇಮ. 3,600 ಸೆಕೆಂಡು 45ರಿಂದ ಸರಿಯಾಗಿ ಭಾಗವಾಗುತ್ತದೆ, ಗಂಟೆಗೊಂದು ಫಲಿತಾಂಶ ಕರಾರುವಾಕ್ಕಾಗಿ ಬೀಳುತ್ತದೆ. ಒಳಪೆಟ್ಟಿಗೆಗೆ ಅದು ತಾನೇ 15 ಆಗುತ್ತದೆ.

ಹಂತ 6: ಓಡಿಸುವುದು, ಬಿದ್ದರೆ ಎತ್ತುವುದು

ಮೊದಲು ರಿಯಲ್, ಆಮೇಲೆ ವರ್ಫ್. 16 ಕೋರ್‌ನಲ್ಲಿ ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಮುಗಿಯುವ ಲೆಕ್ಕ. ಆದರೆ ಮೊದಲ ಅರ್ಧ ಗಂಟೆ ಕೂತು ನೋಡಿ. ಬೀಳುವುದಿದ್ದರೆ ಬಹುತೇಕ ಆಗಲೇ ಬೀಳುತ್ತದೆ.

ಶುರುವಿನಲ್ಲೇ ಸೆಗ್ಮೆಂಟೇಶನ್ ಫಾಲ್ಟ್ ಬಂದರೆ, ಸ್ಟ್ಯಾಕ್ ಮಿತಿಯನ್ನು ಅನ್‌ಲಿಮಿಟೆಡ್ ಮಾಡಿ ಮತ್ತೆ ಓಡಿಸಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಒಂದೆರಡು ಗಂಟೆ ಓಡಿ ಬಿದ್ದರೆ, ಮಾದರಿ ಬರೆಯುವ ಆರ್‌ಎಸ್‌ಎಲ್ ಲಾಗ್ ಕಡತಗಳಲ್ಲಿ ಸಿಎಫ್‌ಎಲ್ ಎಂಬ ಪದ ಹುಡುಕಿ. ಸಿಕ್ಕರೆ ಒಂದು ಹೆಜ್ಜೆಯಲ್ಲಿ ಗಾಳಿ ಒಂದು ಚೌಕಕ್ಕಿಂತ ದೂರ ಹಾರುತ್ತಿದೆ ಎಂದರ್ಥ. ಅದು ಯಾವ ಬಿಂದುವಿನಲ್ಲಿ ಅಂತಲೂ ಅಲ್ಲೇ ಬರೆದಿರುತ್ತದೆ. ಕಡಿದಾದ ಬೆಟ್ಟದ ಮೇಲಿದ್ದರೆ ಹೆಜ್ಜೆಯನ್ನು 36ಕ್ಕೆ ಇಳಿಸಿ, ಶಬ್ದದ ಅಲೆಗಳನ್ನು ತಗ್ಗಿಸುವ ಎಪ್ಸ್‌ಎಸ್‌ಎಂ ಅನ್ನುವ ಗುಬುಟನ್ನು 0.1ರಿಂದ ಮೇಲೆ, 0.5ರವರೆಗೂ ಏರಿಸಿ, ಲಂಬಗಾಳಿಯ ಕಡಿವಾಣವನ್ನು ಹಚ್ಚಿ. ಗಡಿಯ ಮೇಲಿದ್ದರೆ ಪೆಟ್ಟಿಗೆಯನ್ನೇ ಸ್ವಲ್ಪ ಸರಿಸಿ, ಬೇರೆ ಮದ್ದಿಲ್ಲ.

ಹಂತ 7: ಮಳೆಯನ್ನು ತೆಗೆದು ಹೋಲಿಸುವುದು

ಪೈಥಾನ್‌ನಲ್ಲಿ ವರ್ಫ್-ಪೈಥಾನ್ ಮತ್ತು ಎಕ್ಸ್‌ಅರೇ ಇದ್ದರೆ ಕೆಲಸ ಸಲೀಸು. ಮಳೆ ಎರಡು ಚರಗಳಲ್ಲಿ ಇರುತ್ತದೆ: ರೇನ್‌ಸಿ ಕ್ಯುಮುಲಸ್ ಯೋಜನೆಯದ್ದು, ರೇನ್‌ಎನ್‌ಸಿ ಗ್ರಿಡ್‌ನಲ್ಲೇ ಮೂಡಿದ್ದು. ಎರಡನ್ನೂ ಕೂಡಿಸಿ. ಇವು ಆರಂಭದಿಂದ ಒಟ್ಟುಗೂಡುತ್ತಾ ಬಂದ ಅಂಕಿಗಳು. ದಿನದ ಮಳೆ ಬೇಕಿದ್ದರೆ 16ರ ಯುಟಿಸಿ 3ರಿಂದ 15ರ ಯುಟಿಸಿ 3ನ್ನು ಕಳೆಯಿರಿ. ಒಳಪೆಟ್ಟಿಗೆಯಲ್ಲಿ ರೇನ್‌ಸಿ ಸೊನ್ನೆ ಇದೆಯಲ್ಲ ಅಂತ ಗಾಬರಿ ಬೇಡ, ಆ ಯೋಜನೆಯನ್ನು ನಾವೇ ನಿಲ್ಲಿಸಿದ್ದೇವೆ.

ಮಳೆ ನೋಡುವ ಮೊದಲು 850 ಹೆಕ್ಟೊಪಾಸ್ಕಲ್ ಗಾಳಿ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ ಗಾಳಿ ನೋಡಿ. ಗಾಳಿಯ ದಿಕ್ಕೂ ವೇಗವೂ ತಪ್ಪಿದ್ದರೆ ಮಳೆ ಸರಿ ಬಂದರೂ ಅದು ಕಾಕತಾಳೀಯ.

ಹೋಲಿಕೆಗೆ ನಾಸಾದ ಐಮರ್ಗ್ ಉಪಗ್ರಹ ಮಳೆ ಸುಲಭವಾಗಿ ಸಿಗುತ್ತದೆ, ಅರ್ಧ ಗಂಟೆಗೊಮ್ಮೆ, 0.1 ಡಿಗ್ರಿಯಲ್ಲಿ. ಆದರೆ ಘಟ್ಟದ ಮಳೆಯನ್ನು ಉಪಗ್ರಹ ಕಡಿಮೆ ತೋರಿಸುವುದು ಗೊತ್ತಿರುವ ಸಂಗತಿ. ಅಲ್ಲಿನ ಮೋಡ ಬಹಳ ಎತ್ತರಕ್ಕೆ ಬೆಳೆಯದೆಯೂ ಧಾರಾಕಾರ ಸುರಿಸಬಲ್ಲದು. ಮಳೆಮಾಪಕವೇ ಮೇಲು. ಕರ್ನಾಟಕದ ಅದೃಷ್ಟ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಾಪಕ ಹಾಕಿದೆ, ಒಟ್ಟು ಆರು ಸಾವಿರಕ್ಕೂ ಹೆಚ್ಚು. 3 ಕಿ.ಮೀ. ಮಾದರಿಯನ್ನು ಅಳೆಯೋಕೆ ಇಂಥ ದಟ್ಟ ಜಾಲವೇ ಬೇಕು.

ಬಿಂದುವಿಗೆ ಬಿಂದು ಹೋಲಿಸುವುದರಲ್ಲಿ ಒಂದು ಅನ್ಯಾಯ ಇದೆ. ಮಾದರಿ ಮಳೆಯ ಪಟ್ಟಿಯನ್ನು ಸರಿಯಾಗಿಯೇ ಬೆಳೆಸಿ, 10 ಕಿ.ಮೀ. ಪಕ್ಕಕ್ಕೆ ಬೀಳಿಸಿತು ಅನ್ನಿ. ಬಿದ್ದಲ್ಲಿ ಬೀಳಬಾರದಿತ್ತು ಅಂತ ಒಂದು ತಪ್ಪು, ಬೀಳಬೇಕಾದಲ್ಲಿ ಬೀಳಲಿಲ್ಲ ಅಂತ ಇನ್ನೊಂದು. ಒಂದೇ ತಪ್ಪಿಗೆ ಎರಡು ದಂಡ. ಮಳೆಯನ್ನೇ ಬೀಳಿಸದ ಒರಟು ಮಾದರಿಗೆ ಒಂದೇ ದಂಡ! ಈ ಲೆಕ್ಕದಲ್ಲಿ ಚಿಕ್ಕ ಚೌಕದ ಮಾದರಿ ಸೋಲುವುದು ಸಹಜ. ಅದಕ್ಕೇ ಎಫ್‌ಎಸ್‌ಎಸ್ ಎಂಬ ಅಳತೆ ಬಳಸಿ. ಒಂದು ಮಿತಿ ಇಟ್ಟುಕೊಳ್ಳಿ, ಉದಾಹರಣೆಗೆ ದಿನಕ್ಕೆ 100 ಮಿ.ಮೀ. ಸುತ್ತಲಿನ 30 ಕಿ.ಮೀ. ಕಿಟಕಿಯಲ್ಲಿ ಎಷ್ಟು ಪಾಲು ಚೌಕಗಳು ಆ ಮಿತಿ ದಾಟಿದವು ಎಂದು ಮಾದರಿಯಲ್ಲೂ ಅಳತೆಯಲ್ಲೂ ಎಣಿಸಿ, ಆ ಪಾಲುಗಳನ್ನು ಹೋಲಿಸಿ. ಕಿಟಕಿಯನ್ನು ಹಿಗ್ಗಿಸುತ್ತಾ ಹೋದಂತೆ ಅಂಕ ಏರುತ್ತದೆ. ಎಷ್ಟು ದೊಡ್ಡ ಕಿಟಕಿಗೆ ಅದು ಸುಧಾರಿಸಿತು ಅನ್ನುವುದೇ ನಿಮ್ಮ ಮಾದರಿ ಎಷ್ಟು ಹತ್ತಿರದವರೆಗೆ ನಂಬಲರ್ಹ ಅನ್ನುವುದಕ್ಕೆ ಉತ್ತರ.

ಆಸಕ್ತಿ ಇದ್ದರೆ ಇನ್ನೊಂದು ಓಟ ಮಾಡಿ. ಜಿಯೋಗ್ರಿಡ್ ಕಡತದಲ್ಲಿ ಘಟ್ಟದ ಎತ್ತರವನ್ನು ಅರ್ಧಕ್ಕಿಳಿಸಿ ಮೆಟ್‌ಗ್ರಿಡ್‌ನಿಂದ ಮತ್ತೆ ಓಡಿಸಿ. ಮಳೆಯ ಪಟ್ಟಿ ಎಷ್ಟು ಸೊರಗಿತು, ಮೈಸೂರು ಕಡೆ ಎಷ್ಟು ಹೆಚ್ಚಿತು ನೋಡಿ.

ಹಂತ 8: ನಾಳೆಯ ಮಳೆಗೆ

ಹಳೆಯದು ಸರಿ ಬಂದ ಮೇಲೆ ಜಿಎಫ್‌ಎಸ್ ಹಿಡಿದು ದಿನಾ ಓಡಿಸಬಹುದು. ಗ್ರಾಫ್‌ಕಾಸ್ಟ್‌ನಂಥ ಎಐ ಮಾದರಿಗಳು ನಿಮಿಷದಲ್ಲಿ ಉತ್ತರ ಕೊಡುತ್ತವಲ್ಲ, ಇದೇಕೆ ಅಂತ ಕೇಳಬಹುದು. ಅದರ ಗ್ರಿಡ್ 0.25 ಡಿಗ್ರಿ. ಘಟ್ಟ ಅಲ್ಲೂ ಚಪ್ಪಟೆಯೇ.

ಒಂದೇ ಓಟವನ್ನು ನೆಚ್ಚಬೇಡಿ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಬರುತ್ತದೆ. ನಾಲ್ಕು ಬೇರೆ ಬೇರೆ ಆರಂಭದಿಂದ ಓಡಿಸಿ, ಒಂದೊಂದು ಜಾಗದಲ್ಲಿ ನಾಲ್ಕರಲ್ಲಿ ಎಷ್ಟು 100 ಮಿ.ಮೀ. ದಾಟಿದವು ಅಂತ ನಕ್ಷೆ ಮಾಡಿ. ನೇಮ್‌ಲಿಸ್ಟ್ ಕಡತವನ್ನು ಪ್ರತಿ ಓಟದ ಜತೆ ಎತ್ತಿಡಿ. ಕೆಂಪು ನಕ್ಷೆಯನ್ನು ವಾಟ್ಸಾಪ್ ಗುಂಪುಗಳಿಗೆ ಎಚ್ಚರಿಕೆ ಅಂತ ಹಾಕಬೇಡಿ. ಗುಡ್ಡದ ಕೆಳಗೆ ಮನೆ ಇರುವವರು ನೋಡಬೇಕಾದ್ದು ಹವಾಮಾನ ಇಲಾಖೆಯ ಮತ್ತು ಜಿಲ್ಲಾಡಳಿತದ ಎಚ್ಚರಿಕೆ.

ಗಡಿಯಾರ ಹೀಗಿರುತ್ತದೆ. ಯುಟಿಸಿ 0 ಅಂದರೆ ನಮ್ಮ ಬೆಳಗ್ಗೆ 5:30. ಆ ಹೊತ್ತಿನ ಜಿಎಫ್‌ಎಸ್ ಕಡತಗಳು 9 ಗಂಟೆ ಸುಮಾರಿಗೆ ಬರತೊಡಗುತ್ತವೆ. ಇಳಿಸಿ, ಪೂರ್ವತಯಾರಿ ಮುಗಿಸಿ, 48 ಗಂಟೆಯ ಓಟ ಹಚ್ಚಿದರೆ ಫಲಿತಾಂಶ ಕೈಗೆ ಬರುವಾಗ ಸಂಜೆಯಾಗಿರುತ್ತದೆ. ಅದರಿಂದ ನಿಮಗೆ ಸಿಗುವುದು ನಾಳೆಯ ಮಳೆ. ಇವತ್ತಿನ ಸಂಜೆಯ ಮಳೆಗೆ ರಾಡಾರ್ ಚಿತ್ರ ನೋಡಿ.